ಕೆಟ್ಟಿಲ್ಲದ ಕಂಪ್ಯೂಟರ್ ಗುಜರಿಗೆ ಯಾಕೆ?

ವೇಣೂರು ಪೇಟೆಯಲ್ಲೊಂದು ಜೆರಾಕ್ಸ್ ಅಂಗಡಿ ಅಂತಿಟ್ಟುಕೊಳ್ಳಿ. ಅಲ್ಲಿರೋದು 2016ರ ಕಂಪ್ಯೂಟರ್. ಪಹಣಿ ತೆಗೆಯುತ್ತೆ, ಅರ್ಜಿ ಟೈಪ್ ಮಾಡುತ್ತೆ, ಪ್ರಿಂಟ್ ಕೊಡುತ್ತೆ. ಏನೂ ಕೆಟ್ಟಿಲ್ಲ. ಆದರೂ ವಿಂಡೋಸ್ 11ಕ್ಕೆ ಅದು ಆಗಲ್ಲ!

ಯಾಕೆ? ಮೈಕ್ರೋಸಾಫ್ಟ್ 2021ರಲ್ಲಿ ನಿಯಮ ಮಾಡಿತು: ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುತೇಕ 8ನೇ ತಲೆಮಾರಿನದ್ದು ಅಥವಾ ಆಮೇಲಿನದ್ದೇ ಆಗಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಆಪಲ್ ಇನ್ನೂ ಬಿಗಿ. ಮ್ಯಾಕ್‌ಓಎಸ್ ಆಪಲ್ ಯಂತ್ರದಲ್ಲಿ ಮಾತ್ರ ಅಂತ ಲೈಸೆನ್ಸ್‌ನಲ್ಲೇ ಬರೆದಿದೆ.

ಟಿಪಿಎಂ ನಿಮ್ಮ ಗುಪ್ತ ಕೀಲಿಗಳನ್ನು ಪ್ರತ್ಯೇಕವಾಗಿ ಕಾಯುತ್ತೆ, ಅದರಿಂದ ಭದ್ರತೆ ಹೆಚ್ಚುತ್ತೆ. ಅದು ನಿಜ. ಟಿಪಿಎಂ ಇಲ್ಲದಿದ್ದರೆ ಅಪಾಯ ಅಂತ ಕಂಪನಿ ಎಚ್ಚರಿಸಲಿ. ಆದರೆ ದುಡ್ಡು ಕೊಟ್ಟು ಕೊಂಡ ಯಂತ್ರದಲ್ಲಿ ಏನು ಓಡಬೇಕು ಅನ್ನೋ ತೀರ್ಮಾನ ಕೊಂಡವರದ್ದೇ ಆಗಬೇಕು.

ಬೇರೆ ದಾರಿಯೂ ಇದೆ, ಕಾಸರಗೋಡು ನೋಡಿ. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ ಕೇರಳದ ಸರ್ಕಾರಿ ಶಾಲೆಗಳಲ್ಲಿ, ಸರ್ಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಮಕ್ಕಳು ಐಟಿ ಕಲಿಯುತ್ತಾರೆ. ಲೈಸೆನ್ಸ್ ಶುಲ್ಕವೂ ಇಲ್ಲ, ಇದೇ ಕಂಪನಿಯ ಯಂತ್ರ ಬೇಕು ಅನ್ನೋ ಹಟವೂ ಇಲ್ಲ.

ನಿಮ್ಮ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕೋ ಮೊದಲು, ಪೆನ್‌ಡ್ರೈವ್‌ನಿಂದ ಒಮ್ಮೆ ಲಿನಕ್ಸ್ ಓಡಿಸಿ ನೋಡಿ.