ಗೆಜ್ಜೆ ಬಿಚ್ಚಿದ ಮೇಲೆ ಮನೆಯ ಗತಿ ಏನು?



ಆಷಾಢದ ಒಂದು ವಾರದ ಸಭೆ ಎಂದು ಎಣಿಸಿಕೊಳ್ಳಿ. ಹೊರಗೆ ಜೋರು ಮಳೆ. ಉಳಿತಾಯದ ಹಣ ಲೆಕ್ಕ ಮಾಡುವಾಗ ಒಬ್ಬ ಸದಸ್ಯೆ ಮೆಲ್ಲ ಹೇಳುತ್ತಾರೆ: “ಅಕ್ಕಾ, ಈ ತಿಂಗಳ ಕಂತು ಕಟ್ಲಿಕ್ಕೆ ಆಗುವುದಿಲ್ಲ. ನಮ್ಮವರು ಮನೆಯಲ್ಲೇ ಇದ್ದಾರೆ. ಮೇಳ ಹೊರಡುವುದು ಇನ್ನು ದೀಪಾವಳಿ ಕಳೆದ ಮೇಲೆ.” ಪಕ್ಕದಲ್ಲಿದ್ದವರು ತಟ್ಟನೆ, “ಎಂತ ಮಾರಾಯ್ತಿ, ನಿನ್ನ ಗಂಡನ ಫೋಟೋ ಪೇಪರಿನಲ್ಲಿ ಬರ್ತದೆ, ವೇದಿಕೆಯಲ್ಲಿ ಶಾಲು ಹಾಕ್ತಾರೆ, ಕಂತಿಗೆ ಮಾತ್ರ ಹಣ ಇಲ್ವಾ?” ಎನ್ನುತ್ತಾರೆ. ಆ ಸದಸ್ಯೆ ತಲೆ ತಗ್ಗಿಸಿ ಕೂರುತ್ತಾರೆ.

ನಮ್ಮ ಕರಾವಳಿಯಲ್ಲಿ ಇಂಥ ಮಾತು ಯಾವ ಸಂಘದಲ್ಲಿಯೂ ಬರಬಹುದು. ಮಾತು ಆಡಿದವರು ಕೆಟ್ಟವರೇನಲ್ಲ. ಯಕ್ಷಗಾನದ ಮನೆಯ ಲೆಕ್ಕ ಅವರಿಗೆ ಗೊತ್ತಿಲ್ಲ, ಅಷ್ಟೇ. ಈ ಸಲ ಆ ಲೆಕ್ಕವನ್ನು ಸ್ವಲ್ಪ ತಿಳಿದುಕೊಳ್ಳೋಣ. ಜೊತೆಗೆ, ಆ ಮನೆಗಳಿಗೆ ಆಸರೆಯಾಗಿ ನಿಂತ ಒಂದು ಸ್ವಯಂಸೇವಾ ಸಂಸ್ಥೆಯ ಕೆಲಸವನ್ನೂ ನೋಡೋಣ. ಅದರಿಂದ ನಮ್ಮ ಸಂಘಗಳು ಕಲಿಯುವುದು ಬಹಳ ಉಂಟು.

ಆರು ತಿಂಗಳ ದುಡಿಮೆ, ಹನ್ನೆರಡು ತಿಂಗಳ ಊಟ

ಯಕ್ಷಗಾನ ಎಂದರೆ ಹಾಡು, ಕುಣಿತ, ಮಾತು, ವೇಷ ಎಲ್ಲವೂ ಕೂಡಿದ ಕಲೆ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ತೆಂಕುತಿಟ್ಟು. ಉಡುಪಿಯಿಂದ ಬಡಗಿಗೆ ಬಡಗುತಿಟ್ಟು. ಭಾಗವತರು, ಚೆಂಡೆ, ಮದ್ದಳೆಯವರು ಸೇರಿದರೆ ಹಿಮ್ಮೇಳ. ವೇಷ ಹಾಕಿ ಕುಣಿಯುವವರದ್ದು ಮುಮ್ಮೇಳ. ಇವರಲ್ಲದೆ ಚೌಕಿಯಲ್ಲಿ ವೇಷಭೂಷಣ ಜೋಡಿಸುವವರು, ಪೆಟ್ಟಿಗೆ ಹೊರುವವರು, ರಂಗಸ್ಥಳ ಕಟ್ಟುವವರು, ಅಡುಗೆಯವರು ಇದ್ದಾರೆ. ನಾವು ನೋಡುವುದು ಕಿರೀಟ ಕಟ್ಟಿದವರನ್ನು ಮಾತ್ರ. ಒಂದು ಮೇಳ ಎಂದರೆ ಇಷ್ಟೂ ಮನೆಗಳ ಅನ್ನ.

ಮೇಳದ ತಿರುಗಾಟ ಸಾಧಾರಣವಾಗಿ ನವೆಂಬರದಲ್ಲಿ ಶುರುವಾಗಿ ಮೇ ತಿಂಗಳ ಕೊನೆಗೆ, ಪತ್ತನಾಜೆಯ ಹೊತ್ತಿಗೆ ಮುಗಿಯುತ್ತದೆ. ಮಳೆ ಬಿದ್ದರೆ ಬಯಲಿನಲ್ಲಿ ಆಟ ಇಲ್ಲ. ಕಲಾವಿದರ ಸಂಬಳ ಒಂದು ತಿರುಗಾಟಕ್ಕೆಂದು ನಿಗದಿಯಾಗುವುದು. ಹೆಸರಾದ ಭಾಗವತರಿಗೂ, ಆಗಷ್ಟೇ ಸೇರಿ ಕೋಡಂಗಿ, ಬಾಲಗೋಪಾಲ ವೇಷ ಮಾಡುವ ಹುಡುಗನಿಗೂ ಸಿಗುವುದರಲ್ಲಿ ಅಜಗಜಾಂತರ. ಎಷ್ಟೋ ಜನ ಮಳೆಗಾಲದಲ್ಲಿ ಮುಂದಿನ ವರ್ಷದ ಸಂಬಳದಿಂದ ಮುಂಗಡ ತೆಗೆದುಕೊಂಡಿರುತ್ತಾರೆ. ತಿರುಗಾಟ ಶುರುವಾದ ಮೇಲೆ ಅದು ವಜಾ ಆಗುತ್ತದೆ. ಕೈಗೆ ಬರುವುದು ಉಳಿದದ್ದು.

ಮಳೆಗಾಲದಲ್ಲಿ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗುತ್ತಾರೆ. ಕೆಲವರಿಗೆ ಸಭಾಭವನದ ಒಳಗಿನ ಆಟ, ತಾಳಮದ್ದಳೆ ಸಿಗುತ್ತದೆ. ಉಳಿದವರು ಗದ್ದೆ ಕೆಲಸಕ್ಕೆ, ಹೋಟೆಲಿಗೆ, ಕೂಲಿಗೆ.

ಇನ್ನು ದೇಹದ ಲೆಕ್ಕ. ತಿಂಗಳುಗಟ್ಟಲೆ ರಾತ್ರಿ ನಿದ್ದೆ ಇಲ್ಲ, ಹಗಲು ಅರ್ಧ ನಿದ್ದೆ. ಭಾರದ ವೇಷ ಕಟ್ಟಿ ಧೀಂಗಿಣ ಹಾರಿದವರಿಗೆ, ಮಂಡಿ ಊರಿ ತಿರುಗಿದವರಿಗೆ ವಯಸ್ಸಾಗುವ ಮೊದಲೇ ಮೊಣಕಾಲು ನೋವು. ಈಗ ಎಷ್ಟೋ ಮೇಳಗಳಲ್ಲಿ ಕಾಲಮಿತಿಯ ಆಟ ಬಂದಿದೆ. ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ನಿದ್ದೆಗೆ ಅದು ಒಳ್ಳೆಯದೇ. ಆದರೆ ಆಟ ಮುಗಿಸಿ ಬೈಕ್ ಹತ್ತಿ ಮನೆಗೆ ಹೊರಟವರು ನಿದ್ದೆಗಣ್ಣಿನಲ್ಲಿ ಅಪಘಾತಕ್ಕೆ ಸಿಕ್ಕಿದ ಸುದ್ದಿ ನಾವು ಓದುತ್ತೇವಲ್ಲಾ? ಇವರಲ್ಲಿ ಹೆಚ್ಚಿನವರಿಗೆ ಪಿ.ಎಫ್. ಇಲ್ಲ, ನಿವೃತ್ತಿ ವೇತನ ಇಲ್ಲ. ಗೆಜ್ಜೆ ಬಿಚ್ಚಿದ ದಿನವೇ ಸಂಪಾದನೆ ನಿಂತಿತು.

2020ರ ಮಾರ್ಚಿಯಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ತಿರುಗಾಟ ಅರ್ಧದಲ್ಲಿ ನಿಂತಿತು. 2021ರಲ್ಲಿಯೂ ಎರಡನೇ ಅಲೆಗೆ ಹಾಗೆಯೇ ಆಯಿತು. ಎರಡು ವರ್ಷ ಸಾಲುಸಾಲಾಗಿ ಬೇಸಿಗೆಯ ದುಡಿಮೆ ಹೋದರೆ ಮಳೆಗಾಲಕ್ಕೆ ಉಳಿಯುವುದು ಎಂತ?

ಕೈ ಹಿಡಿದವರು ಯಾರು?

ಉಡುಪಿಯಲ್ಲಿ 1975ರಲ್ಲಿ ಯಕ್ಷಗಾನದ ಮೇಲೆ ಪ್ರೀತಿ ಇದ್ದ ಕೆಲವರು ಸೇರಿ ‘ಯಕ್ಷಗಾನ ಕಲಾರಂಗ’ ಎಂಬ ಸಂಸ್ಥೆ ಕಟ್ಟಿದರು. ಕಲೆಯ ಮೇಲಿನ ಅಭಿಮಾನವೇ ಅದರ ಬಂಡವಾಳ. ಒಳ್ಳೆಯ ಆಟ ಆಡಿಸಬೇಕು, ಕಲಾವಿದರನ್ನು ಗೌರವಿಸಬೇಕು ಎಂಬ ಆಸೆ. ಹಾಗೆ ಕಲಾವಿದರ ಒಡನಾಟ ಬೆಳೆದಂತೆ ಒಂದು ವಿಷಯ ಗೊತ್ತಾಯಿತು. ಹಾರ, ಶಾಲು, ಹಣ್ಣುಹಂಪಲಿನಿಂದ ಮನೆಯ ಒಲೆ ಉರಿಯುವುದಿಲ್ಲ. ಕಲೆ ಉಳಿಯಬೇಕಾದರೆ ಕಲಾವಿದ ಉಳಿಯಬೇಕು, ಅವನ ಮನೆ ಉಳಿಯಬೇಕು.

ಅಲ್ಲಿಂದ ಕೆಲಸದ ದಾರಿ ಅಗಲವಾಯಿತು. ಮುಖ್ಯವಾದ ಕೆಲವು ಕೆಲಸಗಳು ಇವು:

1. ಯಕ್ಷನಿಧಿ: ಇದು ವೃತ್ತಿ ಕಲಾವಿದರ ಕ್ಷೇಮಕ್ಕೆಂದು ಇಟ್ಟ ನಿಧಿ. ಕಾಯಿಲೆ, ಅಪಘಾತ, ಮರಣದಂಥ ಕಷ್ಟಕ್ಕೆ ಇದರಿಂದ ನೆರವು. ಮೇ ತಿಂಗಳ ಕೊನೆಗೆ, ತಿರುಗಾಟ ಮುಗಿಯುವ ಹೊತ್ತಿಗೆ, ಬೇರೆ ಬೇರೆ ಮೇಳಗಳ ಕಲಾವಿದರು ಉಡುಪಿಯಲ್ಲಿ ಒಟ್ಟು ಸೇರುತ್ತಾರೆ. ವರ್ಷವಿಡೀ ಬೇರೆ ಬೇರೆ ಊರಿನಲ್ಲಿ ತಿರುಗಿದವರು ಒಂದು ದಿನ ಕೂತು ತಮ್ಮ ಕಷ್ಟಸುಖ ಮಾತಾಡುವುದೇ ಒಂದು ದೊಡ್ಡ ಬಲ.

2. ವಿದ್ಯಾಪೋಷಕ್: ಕಲಿಯುವ ಮನಸ್ಸಿದ್ದು ಹಣ ಇಲ್ಲದ ಮಕ್ಕಳಿಗೆ ಓದಿಗೆ ಸಹಾಯ. ಇದು ಕಲಾವಿದರ ಮಕ್ಕಳಿಗೆ ಮಾತ್ರ ಅಲ್ಲ, ಬಡತನದಲ್ಲಿ ಓದುವ ಬೇರೆ ಮಕ್ಕಳಿಗೂ ಉಂಟು. ಕಾಗದದ ಅರ್ಜಿ ನೋಡಿ ಮುಗಿಸುವುದಿಲ್ಲ. ಕಾರ್ಯಕರ್ತರು ಮಗುವಿನ ಮನೆಗೇ ಹೋಗಿ ನೋಡುತ್ತಾರೆ.

3. ಮನೆ ಕಟ್ಟಿಸಿ ಕೊಡುವುದು: ಹಾಗೆ ಮನೆ ನೋಡಲು ಹೋದಾಗ ಕಂಡದ್ದೇ ಬೇರೆ. ಓದುವ ಹುಡುಗಿಗೆ ಪುಸ್ತಕ ಇಡಲು ಜಾಗ ಇಲ್ಲ, ಮಾಡು ಸೋರುತ್ತದೆ. ಬರೀ ಫೀಸು ಕಟ್ಟಿ ಪ್ರಯೋಜನ ಏನು? ಹಾಗಾಗಿ ದಾನಿಗಳನ್ನು ಹುಡುಕಿ ಮನೆ ಕಟ್ಟಿಸಿ ಕೊಡುವ ಕೆಲಸಕ್ಕೂ ಕೈ ಹಾಕಿದರು.

4. ಮಕ್ಕಳಿಗೆ ಕಲಿಕೆ: ಉಡುಪಿಯ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುವ ‘ಯಕ್ಷಶಿಕ್ಷಣ’ದ ಜೊತೆ ಸಂಸ್ಥೆ ನಿಂತಿದೆ. ಕಲಿತ ಮಕ್ಕಳು ‘ಕಿಶೋರ ಯಕ್ಷಗಾನ ಸಂಭ್ರಮ’ದಲ್ಲಿ ವೇಷ ಕಟ್ಟಿ ಕುಣಿಯುತ್ತಾರೆ. ಹೆಣ್ಣುಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ಇದ್ದಾರೆ.

ಈ ದಾರಿಯಲ್ಲಿ ಇನ್ನೊಂದು ಹೆಸರೂ ಹೇಳಬೇಕು. ಹೆಸರಾಂತ ಭಾಗವತರಾದ ಪಟ್ಲ ಸತೀಶ್ ಶೆಟ್ಟಿಯವರು 2015ರಲ್ಲಿ ‘ಯಕ್ಷಧ್ರುವ ಪಟ್ಲ ಫೌಂಡೇಶನ್’ ಶುರು ಮಾಡಿದರು. ಕಲಾವಿದನೇ ಕಲಾವಿದರಿಗಾಗಿ ಕಟ್ಟಿದ ಸಂಸ್ಥೆ ಅದು. ಮನೆ, ಚಿಕಿತ್ಸೆ ಮುಂತಾದುದಕ್ಕೆ ಅದೂ ನೆರವಾಗುತ್ತಿದೆ.

ಸಂಬಳ ಇಲ್ಲದೆ ಕೆಲಸ ನಡೆಯುವುದು ಹೇಗೆ?

ಸ್ವಯಂಸೇವಾ ಸಂಸ್ಥೆ ಎಂದರೆ ಅದನ್ನು ನಡೆಸುವವರಿಗೆ ಲಾಭ ಹಂಚಿಕೊಳ್ಳುವ ಹಕ್ಕಿಲ್ಲ. ಬಂದ ಹಣ ಇಟ್ಟ ಉದ್ದೇಶಕ್ಕೇ ಹೋಗಬೇಕು. ನಮ್ಮ ರಾಜ್ಯದಲ್ಲಿ ಇಂಥ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ನೋಂದಣಿಯಾಗುತ್ತವೆ. ಕಡಿಮೆ ಎಂದರೆ ಏಳು ಜನ ಸದಸ್ಯರು ಬೇಕು. ಹೆಸರಿನ ಮುಂದೆ ‘(ರಿ.)’ ಎಂದು ಬರೆದಿರುವುದು ನೋಡಿದ್ದೀರಲ್ಲಾ? ರಿಜಿಸ್ಟರ್ ಆಗಿದೆ ಎಂದು ಅದರ ಅರ್ಥ. ಪ್ರತಿ ವರ್ಷ ಮಹಾಸಭೆ ಕರೆಯಬೇಕು, ಲೆಕ್ಕಪರಿಶೋಧನೆ ಆಗಬೇಕು. ಆದಾಯ ತೆರಿಗೆ ಇಲಾಖೆಯಿಂದ 80ಜಿ ಅನುಮತಿ ಪಡೆದ ಸಂಸ್ಥೆಗೆ ಕೊಟ್ಟ ದಾನಕ್ಕೆ ದಾನಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗಬಹುದು.

ಆದರೆ ಕಾನೂನಿಗಿಂತ ದೊಡ್ಡದು ನಂಬಿಕೆ. ದಾನ ಕೊಟ್ಟವರಿಗೆ ತಮ್ಮ ಹಣ ಯಾವ ಮನೆಗೆ ಹೋಯಿತು ಎಂದು ಕಾಣಬೇಕು. ಪಡೆದವರ ಮಾನ ಹೋಗಬಾರದು. ಇವೆರಡೂ ಸರಿಯಾಗಿ ನಡೆದರೆ ಒಮ್ಮೆ ಕೊಟ್ಟವರು ಮತ್ತೆ ಕೊಡುತ್ತಾರೆ. ಒಂದು ಸಂಸ್ಥೆ 50 ವರ್ಷ ದಾಟಿ ನಡೆಯಬೇಕಾದರೆ ಲೆಕ್ಕದ ಪುಸ್ತಕವೂ ಶುದ್ಧ ಇರಬೇಕು, ಮಾತೂ ಶುದ್ಧ ಇರಬೇಕು. ನಮ್ಮ ಸಂಘದ ನಿರ್ಣಯ ಪುಸ್ತಕ, ಉಳಿತಾಯ ಪುಸ್ತಕಕ್ಕೂ ಇದೇ ಮಾತು ಅಲ್ವಾ?

ಹೆಣ್ಣುಮಕ್ಕಳ ಪಾಲು

ಯಕ್ಷಗಾನದಲ್ಲಿ ಬಹಳ ಕಾಲ ಸ್ತ್ರೀವೇಷವನ್ನೂ ಗಂಡಸರೇ ಹಾಕುತ್ತಿದ್ದರು. ಹೆಂಗಸರ ಪಾಲಿಗೆ ಇದ್ದದ್ದು ಮನೆ, ಮಕ್ಕಳು, ಅತ್ತೆಮಾವ, ಮಳೆಗಾಲದ ಸಾಲ. ಆ ಕಟ್ಟನ್ನು ದಾಟಿದವರಲ್ಲಿ ಲೀಲಾವತಿ ಬೈಪಾಡಿತ್ತಾಯರ ಹೆಸರು ಮೊದಲು ಬರುತ್ತದೆ. ಗಂಡ ಹರಿನಾರಾಯಣ ಬೈಪಾಡಿತ್ತಾಯರು ಮದ್ದಳೆಗಾರರು. ಅವರಿಂದಲೇ ಭಾಗವತಿಕೆ ಕಲಿತು ಮೇಳಗಳಲ್ಲಿ ಗಂಡಸರ ಸಮಕ್ಕೆ ಕೂತು ಹಾಡಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2024ರ ಡಿಸೆಂಬರದಲ್ಲಿ ತೀರಿಕೊಂಡರು. ಇಂದು ಶಾಲೆಯಲ್ಲಿ ಗೆಜ್ಜೆ ಕಟ್ಟುವ ಹುಡುಗಿಯರಿಗೆ ದಾರಿ ತೋರಿಸಿದವರು ಇಂಥವರೇ.

ನಮ್ಮ ಸಂಘ ಏನು ಮಾಡಬಹುದು?

ಇಷ್ಟೆಲ್ಲ ಓದಿ “ಅದು ದೊಡ್ಡ ಸಂಸ್ಥೆ, ನಮ್ಮಿಂದ ಎಂತ ಆಗ್ತದೆ?” ಎನ್ನಬೇಡಿ. ಚಿಕ್ಕ ಸಂಘದಿಂದಲೂ ಆಗುವ ಕೆಲಸ ಉಂಟು.

ಒಂದು, ಕಂತನ್ನು ದುಡಿಮೆಯ ಕಾಲಕ್ಕೆ ಹೊಂದಿಸಿ. 12,000 ರೂಪಾಯಿ ಸಾಲಕ್ಕೆ ತಿಂಗಳಿಗೆ 1,000ದಂತೆ ಅಸಲಿನ ಕಂತು ಎಂದು ನಾವು ಎಲ್ಲರಿಗೂ ಒಂದೇ ಅಳತೆ ಹಾಕುತ್ತೇವೆ. ಮೇಳದ ಮನೆಗೆ ಹೀಗೆ ಮಾಡಿ ನೋಡಿ: ಡಿಸೆಂಬರದಿಂದ ಮೇ ತನಕ ಆರು ತಿಂಗಳು 1,600ರಂತೆ 9,600. ಜೂನ್‌ನಿಂದ ನವೆಂಬರದ ತನಕ ಆರು ತಿಂಗಳು 400ರಂತೆ 2,400. ಒಟ್ಟು ಅದೇ 12,000. ಸಾಲ ಡಿಸೆಂಬರಕ್ಕೆ ಶುರುವಾದರೆ ದೊಡ್ಡ ಕಂತು ಮೊದಲೇ ಬರುವುದರಿಂದ ಉಳಿದ ಸಾಲದ ಮೇಲಿನ ಬಡ್ಡಿಯೂ ಕಡಿಮೆ ಬೀಳುತ್ತದೆ. ಜೂನ್‌ನಲ್ಲಿ ಶುರುವಾದರೆ ಸ್ವಲ್ಪ ಹೆಚ್ಚು ಬೀಳುತ್ತದೆ. ಅದನ್ನು ಮೊದಲೇ ಹೇಳಿಬಿಡಿ. ಇದು ಒಬ್ಬರಿಗೆ ಮಾಡಿದ ದಯೆ ಆಗಬಾರದು, ಸಂಘದ ನಿಯಮ ಆಗಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ. ಆ ಮೀನುಗಾರಿಕೆಯ ಮನೆಗಳಿಗೂ ಇದೇ ನಿಯಮ ಅನ್ವಯ ಆಗಲಿ. ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.

ಎರಡು, ವಿಮೆ ಮಾಡಿಸಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರು ಸೇರಬಹುದು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಜೀವನ್ ಜ್ಯೋತಿ ಯೋಜನೆಗೆ ವರ್ಷಕ್ಕೆ 436 ರೂಪಾಯಿ. 18ರಿಂದ 50ರ ಒಳಗಿನವರು ಸೇರಬಹುದು. ಯಾವ ಕಾರಣದಿಂದ ಸತ್ತರೂ 2 ಲಕ್ಷ, ಹೊಸದಾಗಿ ಸೇರಿದವರಿಗೆ ಆರಂಭದ ಕೆಲವು ದಿನ ಮಾತ್ರ ಅಪಘಾತಕ್ಕಷ್ಟೇ. ಎರಡರ ಅವಧಿಯೂ ಜೂನ್ 1ರಿಂದ ಮೇ 31. ಬ್ಯಾಂಕ್ ಖಾತೆಯಿಂದಲೇ ಹಣ ಕಡಿತವಾಗುತ್ತದೆ. ಮೇಳದ ಕೊನೆಯ ಸಂಬಳ ಕೈಗೆ ಬರುವುದೂ ಅದೇ ಹೊತ್ತಿಗೆ. ಖಾತೆಯಲ್ಲಿ ಅಷ್ಟು ಹಣ ಉಂಟಾ ಎಂದು ಮೇ ತಿಂಗಳ ಸಭೆಯಲ್ಲೇ ಪರಸ್ಪರ ಕೇಳಿ.

ಮೂರು, ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆಯ ಸೌಲಭ್ಯ ಉಂಟು. ಆಸ್ಪತ್ರೆಗೆ ಓಡುವ ದಿನ ಕಾರ್ಡು ಹುಡುಕುವುದಲ್ಲ, ಈಗಲೇ ಮಾಡಿಸಿ ಇಡಿ.

ನಾಲ್ಕು, ದಾಖಲೆ ಜೋಪಾನ ಮಾಡಿ. ಕಷ್ಟದಲ್ಲಿರುವ, 58 ವರ್ಷ ದಾಟಿದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಮಾಸಾಶನ ಸಿಗುತ್ತದೆ. ಅರ್ಜಿ ಹಾಕುವಾಗ ಕಲಾಸೇವೆಗೆ ಸಾಕ್ಷಿ ಬೇಕು. ಎಷ್ಟೋ ಹಿರಿಯ ಕಲಾವಿದರ ಹತ್ತಿರ 40 ವರ್ಷದ ನೆನಪು ಉಂಟು, ಒಂದು ಕಾಗದ ಇಲ್ಲ. ಆಟದ ಕರಪತ್ರ, ಪೇಪರಿನ ತುಂಡು, ಫೋಟೋ, ಸನ್ಮಾನಪತ್ರ, ಮೇಳದ ಯಜಮಾನರ ಪತ್ರ ಇವನ್ನೆಲ್ಲ ಒಂದು ಫೈಲಿನಲ್ಲಿ ತೇದಿ ಬರೆದು ಇಡುವ ಕೆಲಸ ಮನೆಯ ಹೆಂಗಸರಿಂದ ಆಗಬಹುದು. ಗೆದ್ದಲು ತಿಂದ ಮೇಲೆ ಅತ್ತು ಪ್ರಯೋಜನ ಇಲ್ಲ.

ಐದು, ಹೆಂಡತಿಯ ಸ್ವಂತ ದುಡಿಮೆಗೆ ಸಂಘದ ಸಾಲದಲ್ಲಿ ಆದ್ಯತೆ ಕೊಡಿ. ಹೊಲಿಗೆ, ಹಪ್ಪಳ ಸಂಡಿಗೆ, ಹೈನುಗಾರಿಕೆ, ಮಲ್ಲಿಗೆ ಕೃಷಿ ಹೀಗೆ ಯಾವುದಾದರೂ ಒಂದು. ಮಳೆಗಾಲಕ್ಕೂ ನಾಲ್ಕು ಕಾಸು ಬರುವ ದಾರಿ ಇದ್ದರೆ ಮುಂಗಡಕ್ಕೆ ಕೈ ಚಾಚುವುದು ತಪ್ಪುತ್ತದೆ.

ಕೊನೆಯ ಮಾತು

ಮತ್ತೆ ಆ ಮಳೆಯ ದಿನದ ಸಭೆಗೆ ಬರೋಣ. ತಲೆ ತಗ್ಗಿಸಿ ಕೂತ ಆ ಸಹೋದರಿಗೆ ಬೇಕಾದದ್ದು ಸಾಲ ಮನ್ನಾ ಅಲ್ಲ. ಅವಳು ಕಟ್ಟುತ್ತಾಳೆ. ಅವಳ ಮನೆಯ ದುಡಿಮೆಯ ಕಾಲ ಯಾವುದು ಎಂದು ಸಂಘಕ್ಕೆ ಗೊತ್ತಿರಬೇಕು, ಅಷ್ಟೇ. ಉಡುಪಿಯಲ್ಲಿ ಕೆಲವು ಜನ ಕಲಾವಿದರ ಮನೆಯ ಬಾಗಿಲ ತನಕ ಹೋಗಿ ನೋಡಿದ್ದರಿಂದ ಒಂದು ದೊಡ್ಡ ಕೆಲಸ ಬೆಳೆಯಿತು. ನಮ್ಮ ಸಂಘದ ಹದಿನೈದು, ಇಪ್ಪತ್ತು ಮನೆಗಳ ಬಾಗಿಲು ನಮಗೆ ಇನ್ನೂ ಹತ್ತಿರ ಉಂಟು.

ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸಂಘದಲ್ಲಿ ವರ್ಷದ ಕೆಲವು ತಿಂಗಳು ಮಾತ್ರ ಸಂಪಾದನೆ ಇರುವ ಮನೆಗಳು ಎಷ್ಟು? ಯಾವ ತಿಂಗಳು ಅವರಿಗೆ ಕಷ್ಟ?

2. ಸಾಲ ಕೊಡುವಾಗ ಇದನ್ನು ಕೇಳಿ ಬರೆದುಕೊಳ್ಳುತ್ತೇವೆಯೇ?

3. ಯಾರ ಮನೆಯಲ್ಲಿ ಇನ್ನೂ ವಿಮೆ, ಆರೋಗ್ಯ ಕಾರ್ಡು ಆಗಿಲ್ಲ? ಮುಂದಿನ ಸಭೆಯ ಒಳಗೆ ಅವರ ಜೊತೆ ಬ್ಯಾಂಕಿಗೆ ಯಾರು ಹೋಗುತ್ತೀರಿ?