ಕಬ್ಬನ್ ಪಾರ್ಕು ಯಾರದು?

ಬೆಂಗಳೂರಿನ ಕಬ್ಬನ್ ಪಾರ್ಕನ್ನು ನೋಡಬೇಕಾದರೆ ಭಾನುವಾರ ಬೆಳಗ್ಗೆ ಹೋಗಬೇಕು. ಅಂದು ಒಳರಸ್ತೆಗಳಲ್ಲಿ ವಾಹನಗಳ ಓಡಾಟವಿರುವುದಿಲ್ಲ. ಬಿದಿರು ಮೆಳೆಗಳ ಬಳಿ ನಿವೃತ್ತರ ಗುಂಪೊಂದು ಕೈ ಎತ್ತಿ ಇಳಿಸಿ ವ್ಯಾಯಾಮ ಮಾಡುತ್ತಿರುತ್ತದೆ. ರಸ್ತೆಯ ನಡುವೆಯೇ ಮಗುವೊಂದು ಸೈಕಲ್ ಕಲಿಯುತ್ತಿರುತ್ತದೆ, ಹಿಂದಿನ ಸೀಟು ಹಿಡಿದ ಅಪ್ಪ ಏದುಸಿರು ಬಿಡುತ್ತಾ ಓಡುತ್ತಿರುತ್ತಾನೆ. ರಾತ್ರಿ ಪಾಳಿ ಮುಗಿಸಿ ಬಂದವನೊಬ್ಬ ಮರದ ಬುಡದಲ್ಲಿ ಟವೆಲ್ ಹಾಸಿ ಮಲಗಿರುತ್ತಾನೆ. ಹಳ್ಳಿಯಿಂದ ಬಂದ ಕುಟುಂಬವೊಂದು ಬುತ್ತಿ ಬಿಚ್ಚಿ ಚಿತ್ರಾನ್ನ ಹಂಚಿಕೊಳ್ಳುತ್ತಿರುತ್ತದೆ.

ಇವರಲ್ಲಿ ಯಾರನ್ನೂ ‘ನೀವು ಇಲ್ಲಿಗೆ ಏಕೆ ಬಂದಿರಿ?’ ಎಂದು ಯಾರೂ ಕೇಳುವುದಿಲ್ಲ. ನಗರದಲ್ಲಿ ಇಂಥ ಜಾಗ ಅಪರೂಪ. ಹೋಟೆಲಿನಲ್ಲಿ ಕುಳಿತರೆ ಕಾಫಿಯನ್ನಾದರೂ ತರಿಸಬೇಕು. ಚಿತ್ರಮಂದಿರಕ್ಕೆ ಟಿಕೆಟ್ ಬೇಕು, ಕಚೇರಿಗೆ ಅರ್ಜಿ ಬೇಕು, ಬಂಧುಗಳ ಮನೆಗೆ ಹೋಗಲೂ ಒಂದು ನೆಪ ಬೇಕು. ಉದ್ಯಾನಕ್ಕೆ ಏನೂ ಬೇಡ. ಸುಮ್ಮನೆ ಇರುವುದಕ್ಕೆ ನಗರ ಕೊಟ್ಟಿರುವ ಅನುಮತಿಯೇ ಉದ್ಯಾನ. ಈ ಅನುಮತಿ ನಮಗೆ ಹೇಗೆ ದೊರೆಯಿತು ಮತ್ತು ಅದನ್ನು ಇಲ್ಲಿಯವರೆಗೆ ಯಾವುದು ಕಾಪಾಡಿದೆ ಎಂಬುದು ಯೋಚಿಸಬೇಕಾದ ವಿಷಯ.

ತೋಟಗಳು ನಮಗೆ ಹೊಸತಲ್ಲ. ಆದರೆ ಅರಸರ ತೋಟಕ್ಕೆ ಗೋಡೆಯಿತ್ತು, ಬಾಗಿಲಿನಲ್ಲಿ ಕಾವಲಿತ್ತು. 1760ರ ಸುಮಾರಿಗೆ ಹೈದರ್ ಅಲಿ ಆರಂಭಿಸಿ ಟಿಪ್ಪು ಬೆಳೆಸಿದ ಲಾಲ್‌ಬಾಗ್ ಅಂಥ ತೋಟ. ಮುಂದೆ 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಹೊರನಾಡುಗಳಿಂದ ಬಂದ ಗಿಡಗಳು ಈ ಹವೆಗೆ ಹೊಂದುತ್ತವೆಯೇ, ಯಾವುದರಿಂದ ಏನು ಉಪಯೋಗ ಎಂದು ಪರೀಕ್ಷಿಸುವುದು ಅದರ ಮುಖ್ಯ ಕೆಲಸವಾಗಿತ್ತು. ಅಲ್ಲಿ ಗಿಡ ಮೊದಲು, ಮನುಷ್ಯ ಆಮೇಲೆ.

ಯಾವ ಉಪಯೋಗವನ್ನೂ ಕೇಳದೆ, ಜನ ಬಂದು ಅಡ್ಡಾಡಲಿ ಎಂದೇ ನೆಲವನ್ನು ಬಿಡುವ ಕಲ್ಪನೆ ಹತ್ತೊಂಬತ್ತನೆಯ ಶತಮಾನದ್ದು. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳ ಹೊಗೆ ಊರುಗಳನ್ನು ಕವಿದಾಗ, ದುಡಿಯುವವರಿಗೂ ಶುದ್ಧ ಗಾಳಿ ಸಿಗಬೇಕೆಂಬ ಮಾತು ಹುಟ್ಟಿತು. ಲಿವರ್‌ಪೂಲಿನ ಎದುರು ದಡದ ಬರ್ಕನ್‌ಹೆಡ್ ಎಂಬ ಊರಿನಲ್ಲಿ 1847ರಲ್ಲಿ ಸಾರ್ವಜನಿಕ ಹಣದಿಂದ ನಿರ್ಮಿಸಿದ ಉದ್ಯಾನ ತೆರೆಯಿತು. 1850ರಲ್ಲಿ ಅದನ್ನು ನೋಡಿದ ಅಮೆರಿಕದ ಫ್ರೆಡರಿಕ್ ಲಾ ಓಮ್‌ಸ್ಟೆಡ್, ಮುಂದೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ವಿನ್ಯಾಸಕಾರರಲ್ಲಿ ಒಬ್ಬನಾದ. ಆ ಪಾರ್ಕು ಜನರಿಗೆ ತೆರೆದದ್ದು 1858ರಲ್ಲಿ. ಅದಾಗಿ ಹನ್ನೆರಡೇ ವರ್ಷಕ್ಕೆ, 1870ರಲ್ಲಿ, ಬೆಂಗಳೂರಿಗೂ ಒಂದು ಪಾರ್ಕು ಬಂತು.

ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಬೆಂಗಳೂರು ಎಂದರೆ ಎರಡು ಊರು. ಒಂದು, ಕೆಂಪೇಗೌಡರ ಕಾಲದಿಂದ ಬಂದ ಪೇಟೆ. ಇನ್ನೊಂದು, 1809ರಲ್ಲಿ ನೆಲೆಯೂರಿದ ದಂಡು. ಎರಡರ ನಡುವಿನ ಬಯಲಿನಲ್ಲಿ 1868ರಲ್ಲಿ ಅಠಾರಾ ಕಚೇರಿಯ ಕೆಂಪು ಕಟ್ಟಡ ಎದ್ದಿತ್ತು. ಹದಿನೆಂಟು ಇಲಾಖೆಗಳು ಅಲ್ಲಿದ್ದುದರಿಂದ ಆ ಹೆಸರು. ಇಂದು ಅಲ್ಲಿರುವುದು ಹೈಕೋರ್ಟು. ಅದರ ಮುಂದಿನ ಸುಮಾರು 100 ಎಕರೆಯಲ್ಲಿ ಉದ್ಯಾನವನ್ನು ರೂಪಿಸಿದವರು ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ. ಸ್ಯಾಂಕಿ ಕೆರೆಯ ಹೆಸರಿನಲ್ಲಿ ಅವರನ್ನು ಊರು ಇನ್ನೂ ನೆನೆಯುತ್ತದೆ.

ಪಾರ್ಕಿನ ಹೆಸರಿನದೇ ಒಂದು ಕಥೆ. ಆಗ ಹಂಗಾಮಿ ಕಮಿಷನರಾಗಿದ್ದ ಜಾನ್ ಮೀಡ್ ಅವರ ಗೌರವಾರ್ಥ ಮೊದಲು ಅದನ್ನು ಮೀಡ್ಸ್ ಪಾರ್ಕ್ ಎಂದರು. ಆಮೇಲೆ ಅದು 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಅವರ ಹೆಸರು ಹೊತ್ತಿತು. ಪಾಪ, ಕಬ್ಬನ್ ಈ ಪಾರ್ಕನ್ನು ನೋಡಲೇ ಇಲ್ಲ. ಊರಿಗೆ ಹಿಂತಿರುಗುವ ದಾರಿಯಲ್ಲಿ, 1861ರಲ್ಲಿ, ಸೂಯೆಜ್‌ನಲ್ಲಿ ಅವರು ತೀರಿಕೊಂಡಿದ್ದರು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ಸಂದರ್ಭದಲ್ಲಿ ಅವರ ತಂದೆಯವರ ನೆನಪಿಗೆ ಶ್ರೀ ಚಾಮರಾಜೇಂದ್ರ ಉದ್ಯಾನವನ ಎಂದು ಅಧಿಕೃತವಾಗಿ ಹೆಸರಿಟ್ಟರು. ಕಾಗದದಲ್ಲಿ ಆ ಹೆಸರು, ನಾಲಿಗೆಯಲ್ಲಿ ಹಳೆಯ ಹೆಸರು. 2016ರಲ್ಲಿ ಬಂದ ಮೆಟ್ರೊ ನಿಲ್ದಾಣಕ್ಕೂ ಕಬ್ಬನ್ ಪಾರ್ಕ್ ಎಂದೇ ಹೆಸರಾಯಿತು. ಉದ್ಯಾನವನ್ನು ಕೊಟ್ಟವರು ಯಾರೇ ಇರಲಿ, ಕರೆಯುವವರ ಮಾತೇ ನಡೆಯುತ್ತದೆ ಎಂಬುದಕ್ಕೆ ಇದು ಮೊದಲ ಸಾಕ್ಷಿ.

ದಂಡಿನ ಕಡೆಯ ಮೂಲೆಯಲ್ಲಿ 1906ರಲ್ಲಿ ವಿಕ್ಟೋರಿಯಾ ರಾಣಿಯ ವಿಗ್ರಹ ನಿಂತಿತು. ಬ್ಯಾಂಡ್‌ಸ್ಟ್ಯಾಂಡಿನಲ್ಲಿ ವಾದ್ಯಗೋಷ್ಠಿ ನಡೆಯುತ್ತಿತ್ತು. ಆ ಸಂಜೆಗಳು ಮುಖ್ಯವಾಗಿ ಸಾಹೇಬರ ಸಂಜೆಗಳು. ಆದರೆ ಎರಡು ಊರುಗಳನ್ನು ಬೇರ್ಪಡಿಸುವಂತಿದ್ದ ಈ ಹಸಿರು ಕಾಲಕ್ರಮದಲ್ಲಿ ಎರಡೂ ಊರಿನವರು ಎದುರಾಗುವ ಜಾಗವಾಯಿತು. 1949ರಲ್ಲಿ ದಂಡೂ ಪೇಟೆಯೂ ಒಂದೇ ನಗರಸಭೆಯ ಕೆಳಗೆ ಸೇರಿದಾಗ, ನಡುವಿನ ಗಡಿಯೇ ನಗರದ ನಡುಮನೆಯಾಯಿತು.

ನಡುಮನೆಯಾದರೆ ಅದರ ಕಷ್ಟವೂ ಉಂಟು: ಎಲ್ಲರಿಗೂ ಅಲ್ಲೇ ಏನಾದರೂ ಇಡಬೇಕೆನ್ನಿಸುತ್ತದೆ. 1877ರಲ್ಲಿ ವಸ್ತುಸಂಗ್ರಹಾಲಯದ ಕಟ್ಟಡ ಬಂತು. 1915ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಭವನ ಎದ್ದಿತು, ಇಂದು ಅಲ್ಲಿ ಕೇಂದ್ರ ಗ್ರಂಥಾಲಯವಿದೆ. 1917ರಲ್ಲಿ ವಿಶ್ವೇಶ್ವರಯ್ಯನವರು ಸ್ಥಾಪಿಸಿದ ಸೆಂಚುರಿ ಕ್ಲಬ್ಬಿಗೂ ಇಲ್ಲೇ ಜಾಗವಾಯಿತು. ಆಮೇಲೆ ವಿಶ್ವೇಶ್ವರಯ್ಯ ಕೈಗಾರಿಕಾ ವಸ್ತುಸಂಗ್ರಹಾಲಯ, ಮಕ್ಕಳಿಗೆ ಬಾಲಭವನ, ಮತ್ಸ್ಯಾಗಾರ, ವೆಂಕಟಪ್ಪ ಚಿತ್ರಶಾಲೆ, ಟೆನಿಸ್ ಅಂಗಳ, ಪತ್ರಕರ್ತರ ಕ್ಲಬ್ಬು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಇದರಲ್ಲಿ ಹೆಚ್ಚಿನವು ಕೆಟ್ಟ ಕೆಲಸಗಳಲ್ಲ. ಗ್ರಂಥಾಲಯ ಬೇಡವೆನ್ನುವವರಾರು? ಮಕ್ಕಳ ಪುಟಾಣಿ ರೈಲಿಗೆ ಅಡ್ಡ ನಿಲ್ಲುವವರಾರು? ಉದ್ಯಾನಗಳು ಕರಗುವುದು ದುಷ್ಟರಿಂದ ಮಾತ್ರವಲ್ಲ, ಒಳ್ಳೆಯ ಕಾರಣಗಳಿಂದಲೂ ಕರಗುತ್ತವೆ. ಪ್ರತಿ ಕಾರಣಕ್ಕೂ ಒಂದೋ ಎರಡೋ ಎಕರೆ ಸಾಕು. ಖಾಲಿ ನೆಲದ ಪರವಾಗಿ ಹೇಳಲು ಯಾರ ಬಳಿಯೂ ಅಷ್ಟು ದೊಡ್ಡ ಕಾರಣವಿರುವುದಿಲ್ಲ. ‘ಅಲ್ಲಿ ಏನೂ ಇಲ್ಲವಲ್ಲ’ ಎಂಬ ಮಾತು ಸಾಕು, ಗುದ್ದಲಿ ಬೀಳುತ್ತದೆ. ಕಬ್ಬನ್ ಪಾರ್ಕಿನ ವಿಸ್ತೀರ್ಣ ಎಷ್ಟೆಂದು ಕೇಳಿದರೆ ಒಂದೆಡೆ 300 ಎಕರೆ ಎನ್ನುತ್ತಾರೆ, ಇನ್ನೊಂದೆಡೆ 200 ಎಕರೆಗೂ ಕಡಿಮೆ ಎನ್ನುತ್ತಾರೆ. ಯಾವ ಕಟ್ಟಡ ಒಳಗೆ, ಯಾವುದು ಹೊರಗೆ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ.

ಈ ಕರಗುವಿಕೆಯನ್ನು ತಡೆಯಲು 1975ರಲ್ಲಿ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂತು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳ ನೆಲವನ್ನು ಮಾರುವುದಾಗಲಿ, ಗುತ್ತಿಗೆ ಅಥವಾ ದಾನ ಕೊಡುವುದಾಗಲಿ ಕೂಡದು ಎಂಬುದು ಅದರ ಸಾರ. ಆದರೆ ಕಾಯ್ದೆಯೊಂದೇ ಕಾವಲುಗಾರನಲ್ಲ. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಪ್ರಸ್ತಾಪ ಬಂದಾಗ ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು, ಊರಿನಲ್ಲಿ ಚರ್ಚೆಯೆದ್ದಿತು, ಕಟ್ಟಡ ಉಳಿಯಿತು. 1998ರಲ್ಲಿ ಪಾರ್ಕಿನ ಮೂವತ್ತಕ್ಕೂ ಹೆಚ್ಚು ಎಕರೆಯನ್ನು ರಕ್ಷಿತ ವ್ಯಾಪ್ತಿಯಿಂದ ಹೊರಗಿಡಲು ಸರ್ಕಾರ ಹೊರಟಾಗ ಸಾಹಿತಿಗಳು, ವಿದ್ಯಾರ್ಥಿಗಳು, ಬೆಳಗಿನ ವಾಯುವಿಹಾರಿಗಳು ಬೀದಿಗಿಳಿದರು. 2025ರಲ್ಲಿ ಸುರಂಗ ರಸ್ತೆಗಾಗಿ ಲಾಲ್‌ಬಾಗ್‌ನ ಒಂದಿಷ್ಟು ನೆಲ ಬಳಸುವ ಮಾತು ಬಂದಾಗಲೂ ದನಿಯೆತ್ತಿದವರಲ್ಲಿ ದಿನಾ ಅಲ್ಲಿ ನಡೆಯುವವರಿದ್ದರು.

ಬಳಸುವವರು ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಪಾರ್ಕಿನ ಪಕ್ಕದಲ್ಲೇ ಸಂಪಂಗಿ ಕೆರೆಯಿತ್ತು. ಸುತ್ತಲಿನ ತೋಟಗಳಿಗೆ, ಮನೆಗಳಿಗೆ ಅದು ನೀರು ಕೊಡುತ್ತಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂತು. ಕೊಡ ಹಿಡಿದು ಕೆರೆಗೆ ಹೋಗುವವರು ಕಡಿಮೆಯಾದರು. ನೀರು ಬೇಡವಾದ ಮೇಲೆ ಕೆರೆಯ ಪರ ಮಾತನಾಡುವವರೂ ಕಡಿಮೆಯಾದರು. ಇಂದು ಆ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಉಳಿದಿರುವುದು ಒಂದು ಸಣ್ಣ ಕೊಳ ಮಾತ್ರ. ಅದು ಏಕೆ ಉಳಿಯಿತು? ಬೆಂಗಳೂರು ಕರಗದ ವಿಧಿಗಳಿಗೆ ಅಲ್ಲಿಗೆ ಬರುವವರು ಬರುವುದನ್ನು ಬಿಡಲಿಲ್ಲ, ಅದಕ್ಕೆ. ಜನ ಬಿಟ್ಟ ಭಾಗ ಹೋಯಿತು, ಜನ ಬಿಡದ ಭಾಗ ನಿಂತಿತು. ಒಂದೇ ಕೆರೆಯ ಎರಡು ಗತಿಗಳಿಗಿಂತ ಸ್ಪಷ್ಟವಾದ ಪಾಠ ಬೇರೆ ಬೇಕೆ?

ಹಾಗಾದರೆ ಪಾರ್ಕಿಗೆ ಹೋಗಿ ಸುಮ್ಮನೆ ಕುಳಿತು ಬರುವುದು ಕಾಲಹರಣವಲ್ಲ. ಅದೂ ಒಂದು ಬಗೆಯ ಹಕ್ಕು ಚಲಾವಣೆ. ಹೊಲಕ್ಕೆ ಹೋಗುವ ಕಾಲುದಾರಿ ನಡೆದರಷ್ಟೇ ಉಳಿಯುತ್ತದೆ, ಬಿಟ್ಟರೆ ಬೇಲಿ ಬೀಳುತ್ತದೆ ಎಂಬುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ನಗರದ ಉದ್ಯಾನಕ್ಕೂ ಅದೇ ನ್ಯಾಯ. ಈಚಿನ ವರ್ಷಗಳಲ್ಲಿ ಇದನ್ನು ಅರಿತವರಂತೆ ಎಳೆಯರೂ ಬರುತ್ತಿದ್ದಾರೆ. 2023ರ ಆರಂಭದಲ್ಲಿ ಕೆಲವರು ಶನಿವಾರ ಬೆಳಗ್ಗೆ ಇಲ್ಲಿನ ಹುಲ್ಲಿನ ಮೇಲೆ ಕುಳಿತು ಮೌನವಾಗಿ ಪುಸ್ತಕ ಓದತೊಡಗಿದರು. ‘ಕಬ್ಬನ್ ರೀಡ್ಸ್’ ಎಂಬ ಆ ಪದ್ಧತಿ ಬೇರೆ ಊರುಗಳ ಪಾರ್ಕುಗಳಿಗೂ ಹಬ್ಬಿತು.

ಹೋಗುವವರಿಗೆ ಒಂದೆರಡು ಸೂಚನೆ. ಮಹಾತ್ಮ ಗಾಂಧಿ ರಸ್ತೆಯ ಕಡೆಯಿಂದ ಒಳಹೊಕ್ಕು ಪೇಟೆಯ ಕಡೆಗೆ ನಡೆದರೆ ಹಳೆಯ ದಂಡಿನಿಂದ ಹಳೆಯ ಊರಿಗೆ ಬಂದಂತಾಗುತ್ತದೆ. ರಾಣಿಯ ವಿಗ್ರಹದಿಂದ ಬ್ಯಾಂಡ್‌ಸ್ಟ್ಯಾಂಡ್, ಅಲ್ಲಿಂದ ಹೈಕೋರ್ಟಿನ ಕೆಂಪು ಗೋಡೆ, ಗ್ರಂಥಾಲಯ, ಆಮೇಲೆ ಹಡ್ಸನ್ ವೃತ್ತದ ಗದ್ದಲ. ನಿಧಾನವಾಗಿ ನಡೆದರೂ ಒಂದು ಗಂಟೆಯ ದಾರಿ. ವರ್ಷದ ಆರಂಭದಲ್ಲಿ ಹೋದರೆ ಟಬೂಬಿಯಾ ಮರಗಳು ನಸುಗೆಂಪಾಗಿರುತ್ತವೆ, ಬೇಸಿಗೆ ಏರಿದಂತೆ ಜಕರಂಡದ ನೇರಳೆ ಹೂ, ಕೊನೆಗೆ ಗುಲ್‌ಮೊಹರಿನ ಕೆಂಪು. ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನೆಡುವ ಪದ್ಧತಿಯನ್ನು ಈ ಊರಿಗೆ ಕಲಿಸಿದವರಲ್ಲಿ ಲಾಲ್‌ಬಾಗ್‌ನ ಜರ್ಮನ್ ಮೇಲ್ವಿಚಾರಕ ಕ್ರುಂಬೀಗಲ್ ಮುಖ್ಯರು. ಒಮ್ಮೆ ಹೋದರೆ ಇದು ಕಾಣುವುದಿಲ್ಲ. ತಿಂಗಳಿಗೊಮ್ಮೆಯಾದರೂ ಹೋಗುವವರಿಗೆ ಮಾತ್ರ ಕಾಣುತ್ತದೆ.

ಪಾರ್ಕಿನಲ್ಲಿ ಅರಸರ, ರಾಣಿಯರ, ದಿವಾನರ ವಿಗ್ರಹಗಳಿವೆ. ಕಮಿಷನರ್ ಕಬ್ಬನ್ ಅವರ ಕುದುರೆ ಸವಾರಿಯ ಪ್ರತಿಮೆಯೂ 2020ರಲ್ಲಿ ಹೈಕೋರ್ಟಿನ ಆವರಣದಿಂದ ಇಲ್ಲಿಗೇ ಬಂದು ಸೇರಿತು. ಮರದ ಬುಡದಲ್ಲಿ ಟವೆಲ್ ಹಾಸಿ ಮಲಗಿದವನಿಗೆ ವಿಗ್ರಹವಿಲ್ಲ. ಆದರೆ ಈ ನೆಲ ಯಾರದು ಎಂದು ಯಾರಾದರೂ ನಕ್ಷೆ ಹಿಡಿದು ಬಂದ ದಿನ, ‘ಇಲ್ಲಿ ಜನ ಇದ್ದಾರೆ’ ಎಂಬುದಕ್ಕೆ ಅವನೇ ಸಾಕ್ಷಿ. ಮುಂದಿನ ಭಾನುವಾರ ನಾವೂ ಹೋಗಿ ಅವನ ಪಕ್ಕದ ಮರದ ಕೆಳಗೆ ಸ್ವಲ್ಪ ಹೊತ್ತು ಕುಳಿತು ಬರೋಣ.