ಹೈನದ ಮನೆಯಲ್ಲಿ ಲ್ಯಾಬ್ರಡಾರ್ ನಾಯಿ



ಹಾವೇರಿ, ರಾಣೆಬೆನ್ನೂರು ಪೇಟೆಯ ಮನೆಗಳಂತೆ ಹಳ್ಳಿಯ ಹೈನದ ಮನೆಗಳಲ್ಲೂ ಈಗ ಲ್ಯಾಬ್ರಡಾರ್ ನಾಯಿ ಕಾಣಸಿಗುತ್ತದೆ. ಬ್ಯಾಡಗಿ ಕಡೆ ಕಣದಲ್ಲಿ ಒಣಹಾಕಿದ ಮೆಣಸಿನಕಾಯಿ ಕಾಯಲೆಂದು ದುಡ್ಡು ಕೊಟ್ಟು ತಂದವರೂ ಇದ್ದಾರೆ. ತಂದ ಮೇಲೆ, ಇದು ಕಳ್ಳನಿಗೂ ಬಾಲ ಅಲ್ಲಾಡಿಸುತ್ತದೆ ಎಂದು ದೂರುತ್ತಾರೆ. ತಪ್ಪು ನಾಯಿಯದಲ್ಲ. ಈ ತಳಿಯನ್ನು ಬೆಳೆಸಿದ್ದೇ ಬೇರೆ ಕೆಲಸಕ್ಕೆ.

ಇದರ ಮೂಲ ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿಯ ಮೀನುಗಾರರ ನಾಯಿಗಳು ಕೊರೆಯುವ ನೀರಿಗೆ ಹಾರಿ, ತಪ್ಪಿಸಿಕೊಂಡ ಮೀನನ್ನು ಹಿಡಿದು ತರುತ್ತಿದ್ದವು. 19ನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಹೋದ ಮೇಲೆ, ಬಂದೂಕಿಗೆ ಬಿದ್ದ ಬಾತುಕೋಳಿಯನ್ನು ಹಲ್ಲು ನಾಟಿಸದೆ ಕಚ್ಚಿ ತಂದು ಯಜಮಾನನ ಕೈಗೆ ಒಪ್ಪಿಸುವ ನಾಯಿಯಾಯಿತು. 1903ರಲ್ಲಿ ಅಲ್ಲಿಯ ಕೆನಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿಯೆಂದು ಒಪ್ಪಿತು. ನಮ್ಮ ಮುಧೋಳ ನಾಯಿ ಕಣ್ಣಿಗೆ ಕಂಡ ಬೇಟೆಯನ್ನು ಓಡಿ ಹಿಡಿಯುವಂಥದು. ಇದು ಬಿದ್ದದ್ದನ್ನು ಮೂಸಿ ಹುಡುಕಿ ತರುವಂಥದು. ಪೊಲೀಸ್ ಶ್ವಾನದಳಗಳಲ್ಲಿ ಇದಕ್ಕೆ ಬೆಲೆ ಬಂದದ್ದು ಈ ಮೂಗಿನಿಂದಲೇ. ಬರೀ ಕಾವಲಿಗಾದರೆ ಊರ ನಾಯಿಯನ್ನೇ ಚೆನ್ನಾಗಿ ಸಾಕುವುದು ಮೇಲು.

ಈ ನಾಯಿಯ ಗುಣವೂ ಬಾಯಲ್ಲಿದೆ, ತೊಂದರೆಯೂ ಬಾಯಲ್ಲಿದೆ. ಎಷ್ಟು ತಿಂದರೂ ಸಾಕೆನ್ನದು. ಹಸಿವನ್ನು ಹತೋಟಿಯಲ್ಲಿಡುವ ವಂಶವಾಹಿಯೊಂದರ ತುಣುಕು ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿಗೆ ಇರುವುದಿಲ್ಲವೆಂದು 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕಂಡುಕೊಂಡರು. ಆದ್ದರಿಂದ ಅದು ಮುಖ ನೋಡಿದಾಗಲೆಲ್ಲ ರೊಟ್ಟಿ ಎಸೆಯಬೇಡಿ. ದಿನಕ್ಕೆ ಎರಡು ಹೊತ್ತು ಅಳತೆಯಿಟ್ಟು ಹಾಕಿ. ಬೆಳೆದ ಗಂಡು 29ರಿಂದ 36 ಕಿಲೋ, ಹೆಣ್ಣು 25ರಿಂದ 32 ಕಿಲೋ ಇದ್ದರೆ ಸರಿ. ಪಕ್ಕೆ ಸವರಿದರೆ ಎಲುಬು ಕೈಗೆ ತಾಗಬೇಕು. ಮೈ ಬಂದರೆ ಸೊಂಟದ ಕೀಲು ಬೇಗ ಕೆಡುತ್ತದೆ. ಈ ತಳಿಗೆ ಆ ದೋಷ ಮೊದಲೇ ಉಂಟು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ ಕೊಡಲೇಬಾರದು. ಮನೆಯಲ್ಲಿ ಹಾಲಿದೆಯೆಂದು ಚರಿಗೆಗಟ್ಟಲೆ ಹಾಕಿದರೆ ಭೇದಿ ಹತ್ತುತ್ತದೆ. ಯೂರಿಯಾ, ಇಲಿ ಪಾಷಾಣ ಅದಕ್ಕೆ ಎಟುಕದಂತಿರಲಿ.

ಹೈನದವರು ಮುಖ್ಯವಾಗಿ ತಿಳಿಯಬೇಕಾದದ್ದು ಇನ್ನು ಮುಂದಿದೆ. ಆಕಳು ಈದಾಗ ಬಿದ್ದ ಕಸವನ್ನು (ಮಾಸು), ಕಂದು ಹಾಕಿದ ಕರುವನ್ನು ನಾಯಿ ತಿಂದರೆ ನಿಯೋಸ್ಪೋರಾ ಎಂಬ ಸೂಕ್ಷ್ಮಜೀವಿ ಅದರ ಕರುಳು ಸೇರಬಹುದು. ಅದು ನಾಯಿಯ ಮಲದಿಂದ ಮೇವು, ನೀರಿಗೆ ಬಿದ್ದು ಗಬ್ಬದ ಆಕಳ ಹೊಟ್ಟೆಗೆ ಹೋದರೆ, ಸಾಮಾನ್ಯವಾಗಿ ಐದಾರು ತಿಂಗಳಿಗೆ ಅದೂ ಕಂದು ಹಾಕುವ ಸಂಭವವಿದೆ. ಒಂದು ಗಬ್ಬ ಹೋದರೆ ಎಷ್ಟು ತಿಂಗಳ ಹಾಲು ಹೋಯಿತೆಂದು ಬಾಂಧವರಿಗೆ ಹೇಳಬೇಕಿಲ್ಲ. ಕಸವನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಿ, ಮೇಲೆ ಸುಣ್ಣ ಹಾಕಿ. ನಾಯಿ ಗೋದಲಿಯಲ್ಲಿ, ಬಣವೆಯ ಮೇಲೆ ಮಲಗದಿರಲಿ. ಕಂದು ಹಾಕಲು ಬ್ರುಸೆಲ್ಲಾ ಮುಂತಾದ ಬೇರೆ ಕಾರಣಗಳೂ ಇವೆ, ಅದು ಮನುಷ್ಯರಿಗೂ ಅಂಟುತ್ತದೆ. ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತೋರಿಸಿ.

ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ, ನಂತರ ವೈದ್ಯರು ಹೇಳಿದಂತೆ ಮತ್ತೊಂದು, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ. ಆಕಳಿಗೆ ನಾಯಿ ಕಚ್ಚಿದರೆ ಕೈಗವಸು ಹಾಕಿಕೊಂಡು ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ಪಶುವೈದ್ಯರನ್ನು ಕರೆಸಿ. ಜೊಲ್ಲು ಸುರಿಸುತ್ತ, ನುಂಗಲಾರದೆ ಒರಲುವ ಆಕಳ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಕೈ ಹಾಕಬೇಡಿ. ಅದು ಹುಚ್ಚೇ ಆಗಿರಬಹುದು. ಆ ಹಾಲನ್ನು ಸಂಘಕ್ಕೂ ಹಾಕಬಾರದು, ಮನೆಗೂ ಬಳಸಬಾರದು. ಕೈ ಹಾಕಿದವರು ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಬೇಕು.

ತಣ್ಣೀರಿನ ನಾಯಿಯಾದ್ದರಿಂದ ಮೈಮೇಲೆ ಎರಡು ಪದರ ಕೂದಲಿದೆ. ಮಾರ್ಚಿನಿಂದ ಮೇವರೆಗೆ ಹೊತ್ತೇರುವ ಮೊದಲು ಮತ್ತು ಮುಳುಗಿದ ಮೇಲೆ ಮಾತ್ರ ಅಡ್ಡಾಡಿಸಿ. ತಗಡಿನ ಚಪ್ಪರದ ಕೆಳಗೆ ಕಟ್ಟಬೇಡಿ. ವಿಪರೀತ ತೇಕುತ್ತ ತೂರಾಡಿದರೆ ನೆರಳಿಗೆ ತಂದು ಮೈಗೆ ನೀರು ಹೊಯ್ದು ಗಾಳಿ ಹಾಕಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಕೆರೆಯಲ್ಲಿ ಈಜಿದ ದಿನ ಜೋಲುಕಿವಿಯ ಒಳಗೆ ಒರೆಸಿ, ಇಲ್ಲವಾದರೆ ಕಿವಿ ಸೋರುತ್ತದೆ. ದನಗಳ ಉಣ್ಣೆ ಔಷಧಿಯನ್ನು ವೈದ್ಯರನ್ನು ಕೇಳದೆ ನಾಯಿಗೆ ಹಚ್ಚಬೇಡಿ.

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಅಂಚಿನ ಹಳ್ಳಿಗಳವರಿಗೆ ಒಂದು ಸೂಚನೆ: ನಾಯಿ ಯಾವ ತಳಿಯದೇ ಇರಲಿ, ಆ ಕಡೆ ಸಡಿಲ ಬಿಡಬೇಡಿ. 1972ರ ವನ್ಯಜೀವಿ ಕಾಯಿದೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ನಾಯಿ ಬಿಟ್ಟು ಬೆನ್ನಟ್ಟಿಸುವುದೂ ಬೇಟೆಯೇ.